ಒಂದೇ ಸಲ ಕೇಳುವ ಊರು

ಜರ್ಮನಿಯಲ್ಲಿ ಏನೇನು ನೋಡಿದಿರಿ ಎಂದು ಯಾರಾದರೂ ಕೇಳಿದರೆ ನನ್ನ ಕಣ್ಣ ಮುಂದೆ ಮೊದಲು ಬರುವುದು ನನ್ನಿಂದ ದೂರ ಹೋಗುತ್ತಿರುವ ಒಂದು ಕಾಫಿ ಕೂಜೆ. ಬಿಳಿ ಪಿಂಗಾಣಿಯದು. ಹೊಟ್ಟೆಯ ಮೇಲೆ ನೀಲಿ ಹೂವಿನ ಬಳ್ಳಿ, ಮೂತಿಯ ತುದಿಯಲ್ಲಿ ಇನ್ನೂ ಹಬೆ. ನಾವು ಇಳಿದುಕೊಂಡಿದ್ದ ಮನೆಯ ಯಜಮಾನತಿ ಅದನ್ನು ನನ್ನ ಬಟ್ಟಲಿನ ಮೇಲೆ ಬಗ್ಗಿಸಿ, ಹುಬ್ಬೆತ್ತಿ, ಇನ್ನಷ್ಟು ಹಾಕಲೇ ಎಂಬಂತೆ ನೋಡಿದರು. ನಾನು ಬಟ್ಟಲಿಗೆ ಅಂಗೈ ಮುಚ್ಚಿ, ನಕ್ಕು, "ನೋ ನೋ, ಥ್ಯಾಂಕ್ ಯೂ" ಎಂದೆ. ಆಕೆ ತಲೆಯಾಡಿಸಿ ಕೂಜೆಯನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿಬಿಟ್ಟರು. ನಾನು ನಗುಮುಖ ಹಾಗೆಯೇ ಇಟ್ಟುಕೊಂಡು ಕುಳಿತೆ. ಆಕೆ ತಿರುಗಿ ಬರಲಿಲ್ಲ. ಅಡುಗೆಮನೆಯಲ್ಲಿ ಕೂಜೆ ತೊಳೆಯುವ ಸದ್ದು ಕೇಳಿದಾಗ ನಗುವನ್ನು ಮಡಚಿ ಒಳಗಿಟ್ಟೆ.

ನನಗೆ ಕಾಫಿ ಬೇಕಿತ್ತು. ಬೇಕಿತ್ತು ಎಂದೇ ಬೇಡ ಎಂದದ್ದು. ಇದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬರ ಮನೆಗೆ ಹೋದಾಗ ಅವರು "ಕಾಫಿ ಮಾಡ್ತೇನೆ" ಎಂದ ಕೂಡಲೇ "ಆಯ್ತು, ಮಾಡಿ" ಎನ್ನುವ ಹೆಂಗಸನ್ನು ನಾನು ಈವರೆಗೆ ಕಂಡಿಲ್ಲ. ಮೊದಲನೆಯ ಬೇಡ ಮರ್ಯಾದೆಯದು. ಎರಡನೆಯ ಬೇಡ, ಕೇಳುವವರು ಮನಸ್ಸಿನಿಂದ ಕೇಳುತ್ತಿದ್ದಾರೋ ಬರೀ ಬಾಯಿಂದಲೋ ಎಂದು ನೋಡುವುದಕ್ಕೆ. ಮೂರನೆಯ ಸಲಕ್ಕೆ "ಹಾಗಾದ್ರೆ ಅರ್ಧ ಲೋಟ ಸಾಕು" ಎನ್ನಬೇಕು. ಅವರು ಪೂರ್ತಿ ಲೋಟ ತರಬೇಕು. ನಾವು "ಅಯ್ಯೋ, ಇಷ್ಟೆಲ್ಲ ಯಾಕೆ!" ಎಂದು ಕೊನೆಯ ಹನಿಯವರೆಗೆ ಕುಡಿಯಬೇಕು. ಈ ನಾಟಕದಲ್ಲಿ ಎದುರಿನವರು ತಮ್ಮ ಮಾತನ್ನು ನುಂಗಿಬಿಟ್ಟರೆ ನಮ್ಮ ಗತಿ ಏನು ಎಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

ಕಾಫಿ ಹೋದರೆ ಹೋಗಲಿ. ಅದೇ ವಾರದ ಕೊನೆಯಲ್ಲಿ, ಅದೇ ಊರಿನ ಜಾತ್ರೆಯಲ್ಲಿ, ಇದೇ ಚಾಳಿಯಿಂದ ನಾನು ಒಂದು ಜಾಯಂಟ್ ವೀಲನ್ನೇ ಕಳೆದುಕೊಳ್ಳುವುದರಲ್ಲಿದ್ದೆ. ಅದನ್ನು ಹೇಳಬೇಕೆಂದೇ ಈಗ, ದುಬೈಯ ದೇರಾದ ನಮ್ಮ ಮೂರನೆಯ ಮಹಡಿಯ ಫ್ಲಾಟಿನಲ್ಲಿ, ಮಧ್ಯಾಹ್ನದ ಪಾತ್ರೆ ತೊಳೆದು, ಏಸಿಯ ಕೆಳಗೆ ಇಟ್ಟ ಬಕೆಟ್ಟಿಗೆ ಹನಿ ಬೀಳುವ ಸದ್ದು ಕೇಳುತ್ತಾ ಕುಳಿತಿದ್ದೇನೆ.

ನನ್ನ ಈ ಕಾಯಿಲೆಗೆ ಎರಡು ಕಡೆಯಿಂದ ಶಿಕ್ಷಣ ಸಿಕ್ಕಿದೆ. ಮನೆಯಲ್ಲಿ ಅಜ್ಜಿ, "ಕೊಟ್ಟ ಕೂಡ್ಲೇ ಕೈ ಚಾಚಿದ್ರೆ ಮನೇಲಿ ಎಂತ ಹಾಕುದಿಲ್ವೋ ಅಂತ ಕೇಳ್ತಾರೆ" ಎನ್ನುತ್ತಿದ್ದರು. ಶಾಲೆಯಲ್ಲಿ, ಅಂದರೆ ಮಂಗಳೂರಿನ ಕಾನ್ವೆಂಟಿನಲ್ಲಿ, ಒಳ್ಳೆಯ ಹುಡುಗಿಯರು ಮೊದಲು ಬೇರೆಯವರಿಗೆ ಬಿಟ್ಟುಕೊಡುತ್ತಾರೆ ಎಂದು ಸಿಸ್ಟರುಗಳು ಕಲಿಸಿದರು. ಮೂರನೆಯ ಕ್ಲಾಸಿನಲ್ಲಿರುವಾಗ ಯಾವುದೋ ಹಬ್ಬಕ್ಕೆ ನಮ್ಮ ಕ್ಲಾಸ್ ಟೀಚರ್ ಸಿಸ್ಟರ್ ಒಂದು ತಟ್ಟೆಯಲ್ಲಿ ಪ್ಲಮ್ ಕೇಕಿನ ತುಂಡುಗಳನ್ನು ಹಿಡಿದು ಬೆಂಚುಗಳ ಸಾಲಿನುದ್ದಕ್ಕೂ ಬಂದರು. ನನ್ನ ಎದುರಿಗೆ ಬಂದಾಗ, ಅಜ್ಜಿಯನ್ನೂ ಶಾಲೆಯನ್ನೂ ಒಟ್ಟಿಗೆ ಮೆಚ್ಚಿಸುವ ಅವಕಾಶ ಸಿಕ್ಕಿತೆಂದು, "ನೋ ಥ್ಯಾಂಕ್ ಯೂ, ಸಿಸ್ಟರ್" ಎಂದೆ. ಸಿಸ್ಟರ್ ನನ್ನ ತಲೆ ಸವರಿ "ಗುಡ್ ಗರ್ಲ್" ಎಂದು ಮುಂದಿನ ಹುಡುಗಿಯ ಹತ್ತಿರ ಹೋದರು. ಇಡೀ ಕ್ಲಾಸು ಕೇಕು ತಿಂದಿತು. ನಾನು ಗುಡ್ ಗರ್ಲ್ ಆಗಿ ಕುಳಿತಿದ್ದೆ. ಬುದ್ಧಿ ಬರುವುದಿದ್ದರೆ ಅಂದೇ ಬರಬೇಕಿತ್ತು. ಬಂದದ್ದು ಕಣ್ಣಲ್ಲಿ ನೀರು ಮಾತ್ರ.

ಆಮೇಲೆ ಮದುವೆಯಾಗಿ ಗಲ್ಫಿಗೆ ಬಂದೆ. ಇಲ್ಲಿ ನನ್ನ ಚಾಳಿಗೆ ಸೋಲಿರಲಿಲ್ಲ. ಈ ದೇಶ ಎರಡನೆಯ ಸಲ, ಐದನೆಯ ಸಲ, ಹತ್ತನೆಯ ಸಲ ಕೇಳುವವರ ದೇಶ. ಮೊದಲ ಎರಡು ವರ್ಷ ನಾವಿದ್ದದ್ದು ಅಬುಧಾಬಿಯಿಂದ ಬಹಳ ದೂರ, ಮರಳಿನ ನಡುವಿನ ಮದೀನತ್ ಜಾಯೆದ್‌ನಲ್ಲಿ. ಅಲ್ಲಿ ನೆರೆಮನೆಯ ಅರಬ್ ಹೆಂಗಸು ಒಂದು ಸಂಜೆ ನನ್ನನ್ನು ಕರೆದು ಕೂರಿಸಿ, ಹಿಡಿಯೇ ಇಲ್ಲದ ಪುಟ್ಟ ಬಟ್ಟಲಿನಲ್ಲಿ ಏಲಕ್ಕಿ ಹಾಕಿದ ಕಾಫಿ ಕೊಟ್ಟರು. ಎರಡು ಗುಟುಕಿಗೆ ಮುಗಿಯಿತು. ಮತ್ತೆ ಸುರಿದರು. "ಬಸ್ ಬಸ್, ಶುಕ್ರನ್" ಎಂದೆ. ಮತ್ತೆ ಸುರಿದರು. ನಾನು ಬೇಡವೆಂದಷ್ಟೂ ಆಕೆಯ ಪ್ರೀತಿ ಹೆಚ್ಚಿತು. ಒಂಬತ್ತನೆಯ ಬಟ್ಟಲಿಗೆ ನನ್ನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಕೊನೆಗೆ ಆಕೆಯ ಸೊಸೆ ನಗು ತಡೆಯಲಾರದೆ ತನ್ನ ಖಾಲಿ ಬಟ್ಟಲನ್ನು ಎರಡು ಬೆರಳಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ ತೋರಿಸಿದಳು. ಹಾಗೆ ಅಲ್ಲಾಡಿಸಿದರೆ ಮಾತ್ರ ಸಾಕು ಎಂದು ಅರ್ಥವಂತೆ. ನಾನೂ ಅಲ್ಲಾಡಿಸಿದೆ. ಕೂಡಲೇ ಕಾಫಿ ನಿಂತಿತು. ಎಂಥ ತಿಳಿವಳಿಕೆಯ ಜನ ಎನಿಸಿತು. ಈ ವಿಷಯದಲ್ಲಿ ಮನುಷ್ಯರು ಬಾಯಲ್ಲಿ ಸುಳ್ಳು ಹೇಳುತ್ತಾರೆಂದು ಗೊತ್ತಿದ್ದೇ ನಿಜವನ್ನು ಕೈಗೆ ಒಪ್ಪಿಸಿದ್ದಾರೆ. ನಮ್ಮ ಕಡೆ ಅಂಥದ್ದೊಂದು ಸನ್ನೆ ಇಲ್ಲ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೂ ಬೆರಳುಗಳ ಮೇಲೆಯೇ ಪಾಯಸ ಸುರಿಯುತ್ತಾರೆ.

ದುಬೈಗೆ ಬಂದ ಮೇಲೆ ನೈಫ್ ರೋಡಿನ ಅಂಗಡಿಗಳು ನನ್ನ ಕಲೆಗೆ ಸಾಣೆ ಹಿಡಿದವು. ಅಲ್ಲಿ ಬೇಡ ಎಂಬುದು ವ್ಯಾಪಾರದ ಮೊದಲ ಮಾತು. ವಸ್ತುವನ್ನು ಮುಟ್ಟಿ ನೋಡುವುದು, ಬೆಲೆ ಕೇಳಿ ಮುಖ ಸಿಂಡರಿಸುವುದು, ಕೆಳಗಿಟ್ಟು ಹೊರಡುವುದು. ಹೊರಡುವುದರಲ್ಲಿಯೇ ಇರುವುದು ಎಲ್ಲ. ತುಂಬ ಜೋರಾಗಿ ನಡೆದರೆ ಅಂಗಡಿಯವನು ಆಸೆ ಬಿಡುತ್ತಾನೆ. ತೀರಾ ನಿಧಾನಕ್ಕೆ ನಡೆದರೆ ನಮ್ಮ ಆಸೆ ಅವನಿಗೆ ಕಾಣುತ್ತದೆ. ಪಕ್ಕದ ಅಂಗಡಿಯ ಹೊಸ್ತಿಲು ದಾಟುವಷ್ಟರಲ್ಲಿ ಬೆನ್ನ ಹಿಂದೆ "ಸಿಸ್ಟರ್! ಓ ಸಿಸ್ಟರ್! ಆವೋ ಆವೋ, ಆಪ್ ಬೋಲೋ!" ಎಂದು ಕೇಳಬೇಕು. ಕೇಳಿಯೇ ಕೇಳುತ್ತದೆ. ಆ ಕೂಗು ಕೇಳಿದಾಗ ಆಗುವ ನೆಮ್ಮದಿ ಬರೀ ವಸ್ತು ಅಗ್ಗಕ್ಕೆ ಸಿಕ್ಕಿದ್ದರಿಂದ ಬರುವುದಲ್ಲ ಎಂದು ಈಗ ಅನಿಸುತ್ತದೆ. ಯಾರೋ ನಮ್ಮನ್ನು ಹೋಗಲು ಬಿಡಲಿಲ್ಲವಲ್ಲ, ಅದರದು.

ಇಷ್ಟು ತರಬೇತಿ ಪಡೆದವಳು ಜರ್ಮನಿಗೆ ಹೋಗಬಾರದಿತ್ತು. ಹೋದದ್ದು ಹೀಗೆ. ನಮ್ಮವರು ಇಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಒಂದು ಕಾರ್ಖಾನೆಯಲ್ಲಿದ್ದಾರೆ. ಅದಕ್ಕೊಂದು ಹೊಸ ಜರ್ಮನ್ ಮೆಶಿನು ಬರುವುದಿತ್ತು. ಅದನ್ನು ನಡೆಸುವುದು ಕಲಿಯಲು ಆಗಸ್ಟಿನಲ್ಲಿ ಇವರನ್ನು ಅಲ್ಲಿನ ಒಂದು ಸಣ್ಣ ಊರಿಗೆ ಕಳಿಸಿದರು. ಕೊನೆಯ ವಾರಕ್ಕೆ ನಾನೂ ಮಗಳು ಸ್ಮಿತಾಳೂ ಸೇರಿಕೊಂಡೆವು. ಅಂದರೆ ಆ ವರ್ಷ ಮಂಗಳೂರಿನ ರಜೆ ಖಲಾಸ್. ಅಮ್ಮನಿಗೆ ಫೋನಿನಲ್ಲಿ ಬಹಳ ದುಃಖದ ಸ್ವರದಲ್ಲಿ ಹೇಳಿದೆ. ಫೋನಿಟ್ಟ ಮೇಲೆ, ದೇವರು ಕ್ಷಮಿಸಲಿ, ಸೋಫಾದ ಮೇಲೆ ಕಾಲು ಚಾಚಿ ಮಲಗಿದೆ.

ಗಲ್ಫಿನವರ ರಜೆ ಎಂದರೇನೆಂದು ಗಲ್ಫಿನ ಹೆಂಗಸರಿಗೇ ಗೊತ್ತು. ಮೂವತ್ತು ದಿನ, ನಲವತ್ತು ಮನೆ. ಒಂದು ಮನೆ ಬಿಟ್ಟರೆ ಮುಂದಿನ ಏಳು ವರ್ಷ ಅದರ ಮಾತು. ಬೆಳಗ್ಗೆ ಒಂದು ಮನೆಯ ನೀರುದೋಸೆ, ಹನ್ನೊಂದಕ್ಕೆ ಇನ್ನೊಂದು ಮನೆಯ ಬನ್ಸ್, ಮಧ್ಯಾಹ್ನ ಊಟ, ಸಂಜೆ ಮತ್ತೆ ಕಾಫಿ. ಎಲ್ಲ ಕಡೆ ಬೇಡ ಎನ್ನುವುದು, ಎಲ್ಲ ಕಡೆ ತಿನ್ನುವುದು. "ಎಂತ ಬೇಡ ಮಾರಾಯ್ತಿ, ಕೋಳಿ ಕುಕ್ಕಿದ ಹಾಗೆ ಕುಕ್ಕಿದ್ದೀ ಅಷ್ಟೆ!" ಎನ್ನುತ್ತಾ ಅತ್ತಿಗೆ ಬಡಿಸುತ್ತಾರೆ. ತಿರುಗಿ ದುಬೈಗೆ ಬಂದು ಬೀಗ ತೆಗೆದರೆ ಮನೆಯ ತುಂಬ ಬೆರಳು ಮುಳುಗುವಷ್ಟು ಮರಳುಧೂಳು. ಅದನ್ನು ಗುಡಿಸಿ ಒರೆಸಿ ಮುಗಿಸುವ ಹೊತ್ತಿಗೆ ಶುಕ್ರವಾರ ಬಂದು, ಊಟಕ್ಕೆ ಇವರ ಸ್ನೇಹಿತರು ಬಂದಿರುತ್ತಾರೆ. ಯಾರಾದರೂ ನನ್ನ ಕೆಲಸವೇನೆಂದು ಕೇಳಿದರೆ ಹೌಸ್‌ವೈಫ್ ಎನ್ನುತ್ತೇನೆ. ದಣಿವು ಎಂದರೂ ತಪ್ಪಿಲ್ಲ.

ಹಾಗಾಗಿ ಆ ಜರ್ಮನ್ ಊರಿನ ಮೊದಲ ದಿನ ನನಗೆ ಸ್ವರ್ಗ. ಯಾರಿಗೂ ಅಡುಗೆಯಿಲ್ಲ, ಯಾರ ಮನೆಗೂ ಹೋಗಬೇಕಾಗಿಲ್ಲ. ಮನೆಯ ಯಜಮಾನತಿಯನ್ನು ನಾವು ನಮ್ಮೊಳಗೆ ಹಿಲ್ಡಾ ಅಜ್ಜಿ ಎಂದು ಕರೆಯುತ್ತಿದ್ದೆವು. ತುಂಬ ಒಳ್ಳೆಯ ಹೆಂಗಸು, ಆದರೆ ಒಂದೇ ಸಲ ಕೇಳುವವರು. ಮೊದಲ ದಿನ ಕಾಫಿ ಹೋಯಿತು. ಎರಡನೆಯ ದಿನ ಪ್ಲಮ್ ಹಣ್ಣುಗಳನ್ನು ಜೋಡಿಸಿ ಬೇಯಿಸಿದ ಕೇಕು ಹೋಯಿತು. ನೋಡಿ, ನನಗೂ ಪ್ಲಮ್ಮಿಗೂ ಋಣವಿಲ್ಲ. ಮೂರನೆಯ ದಿನ ಮಳೆ ಬರುವಾಗ ಆಕೆ ಕೊಡೆ ಚಾಚಿದರು. ಬೇಡ ಎಂದು ನೆನೆದುಕೊಂಡು ಬಂದೆ. ಅಂದು ರಾತ್ರಿ ಇವರು, "ನೀನು ಬೇಕಾದ್ರೆ ಬೇಕು ಹೇಳ್ಬೇಕು ಮಾರಾಯ್ತಿ, ಇಲ್ಲದಿದ್ರೆ ಈ ಊರಲ್ಲಿ ಉಪವಾಸ ಬೀಳ್ತೀ" ಎಂದರು. ಹನ್ನೊಂದು ವರ್ಷದ ಸ್ಮಿತಾ ಆ ಹೊತ್ತಿಗಾಗಲೇ ಮೂರು ತುಂಡು ಕೇಕು ತಿಂದಿದ್ದಳು. ಅವಳಿಗೆ ಏನು ಕೇಳಿದರೂ "ಯೆಸ್ ಪ್ಲೀಸ್." ದುಬೈಯಲ್ಲಿ ಹುಟ್ಟಿದ ಮಕ್ಕಳಿಗೆ ಅಜ್ಜಿಯ ಪಾಠವಿಲ್ಲ.

ಗುರುವಾರ ನಮ್ಮ ಕೋಣೆಯ ಕಿಟಕಿಯಿಂದ ಕೆಳಗಿನ ಚರ್ಚಿನ ಬಯಲಿನಲ್ಲಿ ಲಾರಿಗಳು ನಿಂತದ್ದು ಕಂಡಿತು. ಊರಿನ ಜಾತ್ರೆಯಂತೆ, ವರ್ಷಕ್ಕೊಮ್ಮೆ, ಭಾನುವಾರ ಸಂಜೆಗೆ ಮುಗಿಯುತ್ತದಂತೆ. ಒದ್ದೆ ಬಟ್ಟೆಗಳನ್ನು ಹೀಟರಿನ ಮೇಲೆ ಹರವುತ್ತಾ ನಾನು ನೋಡುತ್ತಿದ್ದಂತೆಯೇ ನಾಲ್ಕು ಗಂಡಸರು ಒಂದು ಜಾಯಂಟ್ ವೀಲನ್ನು ಕಟ್ಟತೊಡಗಿದರು. ಮೊದಲು ಎರಡು ಕಾಲು. ಆಮೇಲೆ ನಡುವಿನ ಗುಂಬ. ಆಮೇಲೆ ಕೊಡೆಯ ಕಡ್ಡಿಗಳಂತೆ ಒಂದೊಂದೇ ಕಬ್ಬಿಣದ ತೋಳು. ಶುಕ್ರವಾರ ಸಂಜೆಗೆ ಹಸಿರು ಬಣ್ಣದ ತೊಟ್ಟಿಲುಗಳು ತೂಗುಬಿದ್ದವು. ಪ್ರತಿಯೊಂದರ ತಲೆಯ ಮೇಲೂ ಕೆನೆಬಣ್ಣದ ಪುಟ್ಟ ಚಾವಣಿ. ತುಂಬ ದೊಡ್ಡದೇನಲ್ಲ, ಚರ್ಚಿನ ಗಡಿಯಾರದ ಮಟ್ಟಕ್ಕೆ ಬರುವಂಥದ್ದು. ತಿರುಗುವುದೂ ನಿಧಾನ, ದೋಸೆಹಿಟ್ಟು ರುಬ್ಬುವ ಕಲ್ಲಿನಷ್ಟು.

ಅದರಲ್ಲಿ ಕೂರಬೇಕೆಂದು ನನಗೆ ಬಲವಾಗಿ ಅನಿಸಿತು. ಮೂವತ್ತೆಂಟು ವರ್ಷಕ್ಕೆ ಅದೇನು ಆಸೆ ಎಂದು ನೀವು ಕೇಳಬಹುದು. ನಾನು ಜೀವನದಲ್ಲಿ ಒಂದು ಸಲವೂ ಜಾಯಂಟ್ ವೀಲಿನಲ್ಲಿ ಕುಳಿತಿಲ್ಲ. ದುಬೈಯ ಚಳಿಗಾಲದ ಮೇಳಗಳಿಗೆ ಪ್ರತಿ ವರ್ಷ ಹೋಗುತ್ತೇವೆ. ಪ್ರತಿ ವರ್ಷ ನಾನು ಅದರ ಕೆಳಗೆ ನಿಲ್ಲುತ್ತೇನೆ. ಒಂದು ಕೈಯಲ್ಲಿ ಎಲ್ಲರ ಚಪ್ಪಲಿ, ಇನ್ನೊಂದರಲ್ಲಿ ಪಾಪ್‌ಕಾರ್ನು, ಹೆಗಲಲ್ಲಿ ಚೀಲ. ಲೋಕದ ಎಲ್ಲ ಮೇಳಗಳಲ್ಲೂ ಜಾಯಂಟ್ ವೀಲಿನ ಕೆಳಗೆ ನಮ್ಮಂಥವರದೊಂದು ವೃತ್ತ ಇರುತ್ತದೆ. ಮೇಲಿನದು ತಿರುಗುತ್ತದೆ, ಕೆಳಗಿನದು ನಿಂತಿರುತ್ತದೆ, ಅಷ್ಟೇ. ಮತ್ತೆ, ನಮ್ಮ ದೇರಾದ ಮನೆಯ ಕಿಟಕಿ ತೆರೆದರೆ ಎದುರು ಕಟ್ಟಡದ ಏಸಿಗಳ ಬೆನ್ನು ಕಾಣುತ್ತದೆ. ದೂರ ಎಂಬುದನ್ನು ನೋಡಿ ಎಷ್ಟೋ ಕಾಲವಾಯಿತು. ಎತ್ತರದಲ್ಲಿ, ಕೂತ ಕಡೆಯೇ, ಯಾರೂ "ಉಪ್ಪು ಎಲ್ಲಿ? ಟವೆಲ್ ಎಲ್ಲಿ?" ಎಂದು ಕೇಳದ ಒಂದು ಹತ್ತು ನಿಮಿಷ. ಅಷ್ಟೇ ನನಗೆ ಬೇಕಿದ್ದದ್ದು. ಸೋಮವಾರ ಬೆಳಗ್ಗೆ ನಮ್ಮ ವಿಮಾನ. ಉಳಿದದ್ದು ಭಾನುವಾರವೊಂದೇ.

ಇದನ್ನು ಮನೆಯವರಿಗೆ ಹೇಳಿದೆನೇ? ಇಲ್ಲ. ಕರೆಯುತ್ತಾರಲ್ಲ, ಆಗ ಹೋದರಾಯಿತು ಎಂದುಕೊಂಡೆ.

ಭಾನುವಾರ ಎಲ್ಲರೂ ಒಳ್ಳೆಯ ಬಟ್ಟೆ ಹಾಕಿಕೊಂಡು ಬಯಲಿಗೆ ಇಳಿದೆವು. ಹುರಿದ ಬಾದಾಮಿಗೆ ಸಕ್ಕರೆ ಪಾಕ ಹತ್ತಿಸುವ ವಾಸನೆ ಬೀದಿಯ ತಿರುವಿನಲ್ಲಿಯೇ ಎದುರುಗೊಂಡಿತು. ಕೆಂಪು ವೇಸ್ಟ್‌ಕೋಟಿನ ಗಂಡಸರು ಹಿತ್ತಾಳೆಯ ಕೊಂಬು ಊದುತ್ತಿದ್ದರು. ಹೃದಯದ ಆಕಾರದ ದೊಡ್ಡ ದೊಡ್ಡ ಮಸಾಲೆ ಬಿಸ್ಕತ್ತುಗಳ ಮೇಲೆ ಸಕ್ಕರೆಯಲ್ಲಿ ಏನೇನೋ ಬರೆದು, ರಿಬ್ಬನ್ ಕಟ್ಟಿ ತೂಗುಹಾಕಿದ್ದರು. ಅಜ್ಜಂದಿರು ಅದನ್ನು ಕೊಂಡು ಅಜ್ಜಿಯರ ಕೊರಳಿಗೆ ಹಾಕುತ್ತಿದ್ದರು. ಅಜ್ಜಿಯರು ಅದನ್ನು ಹಾಕಿಕೊಂಡು ಏನೂ ಆಗದವರಂತೆ ಆಲೂಗೆಡ್ಡೆ ತಿನ್ನುತ್ತಿದ್ದರು. ಒಬ್ಬರೂ "ಛೀ, ಎಂತ ಇದು, ಬೇಡ" ಎಂದದ್ದು ಕಾಣಲಿಲ್ಲ.

ಜಾಯಂಟ್ ವೀಲಿನ ಮುಂದೆ ಬಂದೆವು. ನನ್ನ ಎದೆ ಮದೀನತ್ ಜಾಯೆದ್‌ನ ಒಂಬತ್ತನೆಯ ಬಟ್ಟಲಿನ ಹೊತ್ತಿನಂತೆ ಹೊಡೆದುಕೊಂಡಿತು. ಇವರು ಟಿಕೆಟ್ ಕಿಟಕಿಯ ಕಡೆ ನಡೆಯುತ್ತಾ, ತಿರುಗಿಯೂ ನೋಡದೆ ಕೇಳಿದರು:

"ನೀನು ಬರ್ತೀಯಾ?"

"ನಾನು ಎಂತಕ್ಕೆ? ನೀವಿಬ್ರು ಹೋಗಿ ಬನ್ನಿ" ಎಂದೆ.

ಆ ವಾಕ್ಯವನ್ನು ನಾನು ಹೇಳಿದ ರೀತಿಯನ್ನು ನೀವು ಕೇಳಬೇಕಿತ್ತು. 'ಎಂತಕ್ಕೆ' ಎಂಬಲ್ಲಿ ಬೇಕೆಂದೇ ಸ್ವರವನ್ನು ತುಸು ಎಳೆದಿದ್ದೆ. ಬಾಗಿಲನ್ನು ಚಿಲಕ ಹಾಕದೆ ಬರೀ ಒರಗಿಸಿದಂತೆ. ಒಂದು ಬೆರಳು ತಾಗಿದರೆ ತೆರೆದುಕೊಳ್ಳುತ್ತಿತ್ತು. ಇವರು ಬೆರಳು ತಾಗಿಸಲಿಲ್ಲ. "ಹಾಗಾದ್ರೆ ಇದನ್ನು ಹಿಡ್ಕೋ" ಎಂದು ಜಾಕೆಟ್ಟು, ಕ್ಯಾಮೆರಾ ಚೀಲ, ಸ್ಮಿತಾಳ ಸ್ವೆಟರು, ಅರ್ಧ ತಿಂದ ಬಾದಾಮಿಯ ಪೊಟ್ಟಣ, ಎಲ್ಲವನ್ನೂ ನನ್ನ ತೋಳಿಗೆ ಹೇರಿ ಹೋದರು. ಹಸಿರು ತೊಟ್ಟಿಲು ಅವರನ್ನು ಹೊತ್ತುಕೊಂಡು ಮೇಲೇರಿತು. ಮೇಲಿನಿಂದ ಸ್ಮಿತಾ ಕೈ ಬೀಸಿದಳು. ನಾನು ಕೈ ಬೀಸೋಣವೆಂದರೆ ಕೈ ಖಾಲಿಯಿರಲಿಲ್ಲ. ಗಲ್ಲ ಎತ್ತಿ ತೋರಿಸಿದೆ.

ಕೆಳಗೆ ನಿಂತು ಯೋಚಿಸಿದೆ. ಈ ಊರಿನವರದು ಇರಲಿ, ನಮ್ಮವರು ಯಾವಾಗಿನಿಂದ ನನ್ನ ಮಾತನ್ನು ನಂಬಲು ಶುರುಮಾಡಿದರು? ಮದುವೆಯಾದ ಹೊಸತರಲ್ಲಿ ಒಂದು ಮೊಳ ಮಲ್ಲಿಗೆಗೆ ನಾಲ್ಕು ಸಲ ಕೇಳುತ್ತಿದ್ದರು. "ಬೇಡ ಅಂದ್ರೆ?" "ಸುಮ್ನೆ ಹೇಳ್ತಿದ್ದೀಯಾ?" "ನಿಜ ಹೇಳು." ಆಮೇಲೆ ಅದು ಮೂರಾಯಿತು, ಎರಡಾಯಿತು. ಈಗ ಒಂದು, ಅದೂ ನಡೆಯುತ್ತಾ. ತಪ್ಪು ಇವರದೆನ್ನಲಾರೆ. ನಾನೇ ಪಳಗಿಸಿದ್ದು. ಮೀನು ಹುರಿದ ದಿನ ನಡುವಿನ ತುಂಡುಗಳನ್ನು ಇವರಿಗೆ ಹಾಕಿ, "ನನಗೆ ಬಾಲವೇ ಇಷ್ಟ" ಎಂದು ಯಾವತ್ತೋ ಒಂದು ದಿನ ಹೇಳಿದ್ದೆ. ಹದಿನಾಲ್ಕು ವರ್ಷಗಳಿಂದ ಬಾಲ ತಿನ್ನುತ್ತಿದ್ದೇನೆ. ಕಳೆದ ವರ್ಷ ಇವರು ಬಂದ ಅತಿಥಿಗಳಿಗೆ, "ನಮ್ಮವಳಿಗೆ ಬಾಲ ಅಂದ್ರೆ ಪ್ರಾಣ" ಎಂದು ಹೆಮ್ಮೆಯಿಂದ ಹೇಳಿದರು. ಆಗ ಆದ ಸುಸ್ತು ಅಡುಗೆಯದಾಗಿರಲಿಲ್ಲ.

ಇಬ್ಬರೂ ಇಳಿದು ಬಂದರು. "ಸೋ ನೈಸ್, ಅಮ್ಮಾ! ನದಿ ಕಾಣ್ತದೆ!" ಎಂದಳು ಸ್ಮಿತಾ. ಹೌದಾ ಎಂದೆ. ಇನ್ನೊಮ್ಮೆ ಕರೆಯುತ್ತಾರೇನೋ ಎಂದು ಒಂದು ನಿಮಿಷ ಅಲ್ಲೇ ನಿಂತೆ. ಅವರಾಗಲೇ ಕರಕುಶಲದ ಅಂಗಡಿಗಳ ಕಡೆ ಹೊರಟಿದ್ದರು.

ಕರಕುಶಲದ ಸಾಲು ಚರ್ಚಿನ ಗೋಡೆಗೆ ತಾಗಿಕೊಂಡಿತ್ತು. ಬುಟ್ಟಿ ಹೆಣೆಯುವವಳು, ಮೇಣದ ಬತ್ತಿ ಅದ್ದುವವನು, ಮರ ಕಡೆದು ಚಮಚ ಮಾಡುವವನು. ಕೊನೆಯಲ್ಲಿ ಚರ್ಮದ ಏಪ್ರನ್ ಕಟ್ಟಿದ ಒಬ್ಬ ಮುದುಕ ಕುಳಿತು ಬ್ರಷ್ ಕಟ್ಟುತ್ತಿದ್ದ. ಬರೀ ಬ್ರಷ್‌ಗಳ ಅಂಗಡಿ. ಮರದ ಹಲಗೆಯ ತೂತುಗಳಲ್ಲಿ ಕುದುರೆಯ ಕೂದಲು ಪೋಣಿಸಿ, ತಂತಿ ಎಳೆದು ಬಿಗಿದು, ಕತ್ತರಿಯಲ್ಲಿ ಸಮ ಮಾಡುತ್ತಿದ್ದ. ಬಟ್ಟೆಗೊಂದು, ಬೂಟಿಗೊಂದು, ಬಾಟ್ಲಿಗೊಂದು, ಅಣಬೆಯ ಮೇಲಿನ ಮಣ್ಣು ತೆಗೆಯಲು ಒಂದು! ಅಣಬೆಗೇ ಬೇರೆ ಬ್ರಷ್ ಇರುವ ದೇಶದಲ್ಲಿ ಕಾಫಿಗೆ ಎರಡನೆಯ ಮಾತು ಇಲ್ಲವೆಂದರೆ ಹೇಗೆ? ನನ್ನ ಕಣ್ಣು ಬಿದ್ದದ್ದು ಬೆಕ್ಕಿನ ಬಾಲದಂಥ ಉದ್ದನೆಯ, ಸಪೂರದ ಒಂದು ಬ್ರಷ್ಷಿನ ಮೇಲೆ. ಹೀಟರಿನ ಸಂದಿಗಂತೆ. ನನಗೆ ಅದರಲ್ಲಿ ಕಂಡದ್ದು ದೇರಾದ ನಮ್ಮ ಜಾರುಕಿಟಕಿಯ ಸಂದಿನಲ್ಲಿ ವರ್ಷಗಳಿಂದ ಕುಳಿತ ಮರಳು.

ಬೆಲೆ ಕೇಳಿದೆ. ಹೇಳಿದ. ನನ್ನ ಮುಖ ತಾನಾಗಿಯೇ ಸಿಂಡರಿಸಿತು. ಬ್ರಷ್ಷನ್ನು ಕೆಳಗಿಟ್ಟೆ. ಕಾಲುಗಳು ತಾವಾಗಿಯೇ ಹೊರಟವು, ಅದೇ ನೈಫ್ ರೋಡಿನ ನಡಿಗೆ. ಚಮಚದವನ ಅಂಗಡಿ ದಾಟಿದೆ. ಮೇಣದ ಬತ್ತಿಯವನನ್ನೂ ದಾಟಿದೆ. ಬೆನ್ನ ಹಿಂದೆ ಹಿತ್ತಾಳೆಯ ಕೊಂಬು ಬಿಟ್ಟರೆ ಏನೂ ಕೇಳಲಿಲ್ಲ. ಬುಟ್ಟಿಯವಳ ಹತ್ತಿರ ಬಂದು, ಬುಟ್ಟಿ ನೋಡುವಂತೆ ನಟಿಸಿ ಓರೆಗಣ್ಣಲ್ಲಿ ನೋಡಿದರೆ ಮುದುಕ ತಲೆ ತಗ್ಗಿಸಿ ಕೂದಲು ಪೋಣಿಸುತ್ತಿದ್ದ.

ಸ್ಮಿತಾ ಓಡಿ ಬಂದು ನನ್ನ ತೋಳು ಹಿಡಿದಳು. ಕಿವಿಯವರೆಗೆ ಕೆಂಪಾಗಿದ್ದಳು. "ಅಮ್ಮಾ, ಪ್ಲೀಸ್! ದಿಸ್ ಈಸ್ ನಾಟ್ ನೈಫ್ ರೋಡ್. ಅವ್ರು ಕರೆಯುದಿಲ್ಲ. ಬೇಕಾದ್ರೆ ತಗೋ, ಬೇಡದಿದ್ರೆ ಬಿಡು, ದಟ್ಸ್ ಆಲ್!"

"ನಿನ್ನ ಅಮ್ಮ ಹೀಗೇ ನಡ್ಕೊಂಡು ಹೋದ್ರೆ ಸಂಜೆಗೆ ಬೇರೆ ಊರು ಮುಟ್ತಾಳೆ" ಎಂದು ಇವರು ನಕ್ಕರು.

ಮುಖ ಸಣ್ಣದು ಮಾಡಿಕೊಂಡು ತಿರುಗಿ ಹೋದೆ. ಮುದುಕ ಅದೇ ಬ್ರಷ್ಷನ್ನು ಎತ್ತಿ ಕೊಟ್ಟ, ಅದೇ ಬೆಲೆ. ಅವನಿಗೆ ಗೆದ್ದ ಭಾವವೂ ಇರಲಿಲ್ಲ. ತಡವರಿಸುವ ಇಂಗ್ಲಿಷಿನಲ್ಲಿ, "ಯೂ ಗೋ. ಐ ಥಿಂಕ್, ಲೇಡಿ ನಾಟ್ ವಾಂಟ್" ಎಂದ. ತಾನು ಬಲವಂತ ಮಾಡದೆ ಇದ್ದದ್ದು ತಪ್ಪಾಯಿತೇ ಎಂಬಂಥ ಕಳವಳ ಅವನ ಮುಖದಲ್ಲಿತ್ತು. ಆಗ ನನಗೆ ಹೊಳೆಯಿತು. ಈ ಊರಿನವರು ಒರಟರಲ್ಲ, ಜಿಪುಣರಲ್ಲ. ನಾನು ಬೇಡ ಎಂದರೆ ಬೇಡವೆಂದೇ ತಿಳಿಯುತ್ತಾರೆ, ಅಷ್ಟೇ. ನನ್ನ ಮಾತಿಗೆ ಇಷ್ಟು ಬೆಲೆ ಕೊಟ್ಟವರು ಹಿಂದೆ ಯಾರಿದ್ದರು? ಆದರೆ ಜೀವಮಾನವಿಡೀ ಪೊಳ್ಳು ಮಾತು ಆಡಿದವಳಿಗೆ ಮಾತನ್ನು ನಂಬುವವರ ನಡುವೆ ಇರುವುದು ಎಷ್ಟು ಆಯಾಸ! ಪ್ರತಿ ಸಲವೂ ಮೊದಲು ನನಗೇನು ಬೇಕೆಂದು ನನಗೇ ಗೊತ್ತಿರಬೇಕು. ಆಮೇಲೆ ಅದನ್ನು ಬಾಯಿಬಿಟ್ಟು ಹೇಳಬೇಕು. ಇದಕ್ಕಿಂತ ಐವತ್ತು ಜನರಿಗೆ ಬಿರಿಯಾನಿ ಮಾಡುವುದು ಸುಲಭ.

ಮಧ್ಯಾಹ್ನ ಕಳೆಯಿತು. ಅವರಿಬ್ಬರೂ ಮರದ ಕುದುರೆಗಳ ಮೇಲೆ ಸುತ್ತಿದರು, ಡಿಕ್ಕಿ ಹೊಡೆಯುವ ಕಾರುಗಳಲ್ಲಿ ಕುಳಿತರು. ಈಗ ನನ್ನನ್ನು ಆ ಒಂದು ಸಲವೂ ಕೇಳಲಿಲ್ಲ. ಸುಮ್ಮನೆ ಜಾಕೆಟ್ಟು ಚಾಚುತ್ತಿದ್ದರು. ನಾನು ಗೂಟದಂತೆ ನಿಂತು ಹಾಕಿಸಿಕೊಳ್ಳುತ್ತಿದ್ದೆ. ಕಾಲು ನೋಯತೊಡಗಿತು. ಒಂದು ಬೆಂಚಿನ ತುದಿಯಲ್ಲಿ ಕುಳಿತು ಮನೆಗಳ ಮಾಡುಗಳ ಮೇಲೆ ಹಸಿರು ತೊಟ್ಟಿಲುಗಳು ಒಂದೊಂದಾಗಿ ಏರಿ ಇಳಿಯುವುದನ್ನು ನೋಡಿದೆ. ಅಷ್ಟು ಹೊತ್ತೂ ಅದು ಅಲ್ಲೇ ತಿರುಗುತ್ತಿತ್ತು. ಯಾರನ್ನೂ ಕರೆಯುತ್ತಿರಲಿಲ್ಲ, ಯಾರನ್ನೂ ತಡೆಯುತ್ತಲೂ ಇರಲಿಲ್ಲ.

ಆರು ಗಂಟೆಯ ಹೊತ್ತಿಗೆ ಅಂಗಡಿಗಳ ಮರದ ಶಟರುಗಳು ಇಳಿಯತೊಡಗಿದವು. ಬಾದಾಮಿಯವಳು ತಾಮ್ರದ ಬಾಣಲೆ ಉಜ್ಜುತ್ತಿದ್ದಳು. ಕೊಂಬಿನವರು ಕೊಂಬುಗಳನ್ನು ಪೆಟ್ಟಿಗೆಯೊಳಗೆ ಮಲಗಿಸಿದರು.

"ಯಲ್ಲಾ, ಹೋಗುವ. ಪ್ಯಾಕಿಂಗ್ ಉಂಟಲ್ಲ" ಎಂದರು ಇವರು. ಪ್ಯಾಕಿಂಗ್ ಉಂಟು ಎಂದರೆ ನನಗೆ ಉಂಟು ಎಂದು ಅರ್ಥ.

ಎದ್ದೆ. ನಾಲ್ಕು ಹೆಜ್ಜೆ ನಡೆದೆ. ಐದನೆಯದು ಏಳಲಿಲ್ಲ.

"ನನಗೆ ಅದ್ರಲ್ಲಿ ಕೂತ್ಕೊಳ್ಬೇಕು" ಎಂದೆ.

"ಯಾವುದ್ರಲ್ಲಿ?"

ಗಲ್ಲದಿಂದ ತೋರಿಸಿದೆ. ಇವರು ವೀಲನ್ನು ನೋಡಿದರು, ನನ್ನನ್ನು ನೋಡಿದರು. "ಈಗ್ಲಾ? ಆಗ ಕೇಳಿದ್ನಲ್ಲ ಮಾರಾಯ್ತಿ, ನೀನೇ ಬೇಡ ಹೇಳಿದ್ದು."

"ಹೇಳಿದ್ದು ಹೌದು."

"ಮತ್ತೆ?"

"ಬೇಕಿತ್ತು."

ಸ್ಮಿತಾ ನನ್ನನ್ನು ಮೊದಲ ಸಲ ನೋಡುವವಳಂತೆ ನೋಡಿದಳು. "ದೆನ್ ವೈ ಡಿಡ್ ಯೂ ಸೇ ನೋ, ಅಮ್ಮಾ?"

ಇದಕ್ಕೆ ಉತ್ತರ ಕೊಡಬೇಕಾದರೆ ನಾನು ಅಜ್ಜಿಯಿಂದ ಶುರುಮಾಡಬೇಕಿತ್ತು. ಅಷ್ಟು ಹೊತ್ತಿರಲಿಲ್ಲ. ಜಾಕೆಟ್ಟುಗಳನ್ನೂ ಕ್ಯಾಮೆರಾ ಚೀಲವನ್ನೂ ಇವರ ತೋಳಿಗೆ ಹಾಕಿದೆ. ಇವರು ಎಲ್ಲವನ್ನೂ ಹಿಡಿದುಕೊಂಡು, ಹೇಗೆ ಹಿಡಿಯಬೇಕೆಂದು ತಿಳಿಯದೆ ನಿಂತರು. ಅದು ಅಭ್ಯಾಸದಿಂದ ಬರುವ ವಿದ್ಯೆ.

ನಾನು ಓಡಿದೆ ಎಂದೇ ಹೇಳಬೇಕು. ಟಿಕೆಟ್ ಕಿಟಕಿಯವನು ಶಟರಿಗೆ ಕೈ ಹಾಕಿದ್ದ. ನನ್ನನ್ನು ಕಂಡು ಒಂದು ಬೆರಳು ಎತ್ತಿದ. ಕೊನೆಯ ಸುತ್ತು ಎಂದೋ, ಒಬ್ಬರೇ ಎಂದೋ. ಎರಡಕ್ಕೂ ಸೇರಿಸಿ, "ಯೆಸ್. ಯೆಸ್ ಪ್ಲೀಸ್" ಎಂದೆ. ಅಂಗೈಯಲ್ಲಿ ಇದ್ದಬದ್ದ ನಾಣ್ಯಗಳನ್ನು ಚಾಚಿದೆ. ಅವನು ಬೇಕಾದ್ದನ್ನು ಹೆಕ್ಕಿಕೊಂಡು, ಹೊರಗೆ ಬಂದು ತೊಟ್ಟಿಲಿನ ಸಣ್ಣ ಬಾಗಿಲು ತೆರೆದ. ಒಳಗೆ ಎದುರುಬದುರಾಗಿ ಎರಡು ಹಲಗೆ, ನಾಲ್ಕು ಜನರ ಜಾಗ. ಕುಳಿತೆ. ಬೆಳಗಿನಿಂದ ಮೊದಲ ಸಲ ನನ್ನ ಮಡಿಲು ಖಾಲಿಯಿತ್ತು.

ಆಗ ಸ್ಮಿತಾ ಓಡುತ್ತಾ ಬಂದಳು. "ಅಮ್ಮಾ! ನಾನೂ ಬರ್ತೇನೆ ನಿಂಜೊತೆ. ಬರ್ಲಾ?"

ಅವಳ ಮುಖ ನೋಡಿದೆ. ಬಾದಾಮಿಯ ಪಾಕ ಇನ್ನೂ ಗಲ್ಲಕ್ಕೆ ಅಂಟಿತ್ತು. ಅವಳು ಬಂದರೆ ನದಿ ತೋರಿಸುತ್ತಾಳೆ, ಚರ್ಚು ತೋರಿಸುತ್ತಾಳೆ, ಚಳಿಯಾಗುತ್ತದೆ ಎನ್ನುತ್ತಾಳೆ. ನಾನು ನನ್ನ ಸೆರಗಿನಲ್ಲಿ ಅವಳನ್ನು ಸುತ್ತಿಕೊಳ್ಳುತ್ತೇನೆ. ಅದೂ ಸುಖವೇ. ಆದರೆ ನನಗೆ ಅಂದು ಬೇಕಿದ್ದ ಸುಖ ಅದಲ್ಲ.

"ಬೇಡ ಮಗಾ" ಎಂದೆ.

ಅವಳು ಬಾಗಿಲ ಮೇಲೆ ಕೈಯಿಟ್ಟುಕೊಂಡೇ ನಿಂತಳು. ಹಿಂದಿನಿಂದ ಇವರು ಜಾಕೆಟ್ಟಿನ ರಾಶಿಯೊಡನೆ ಏದುಸಿರು ಬಿಡುತ್ತಾ ಬಂದರು. "ಅವಳೂ ಬರ್ಲಿ. ಒಬ್ಬಳಿಗೆ ಹೆದ್ರಿಕೆ ಆದೀತು ನಿಂಗೆ."

"ಬೇಡ."

"ಸುಮ್ನೆ ಹೇಳ್ತಿದ್ದೀಯಾ? ನಾನೇ ಬರ್ಲಾ?"

ಹದಿನಾಲ್ಕು ವರ್ಷಗಳ ಸಂಸಾರದಲ್ಲಿ ನಾನು ಎಷ್ಟು ಸಾವಿರ ಬೇಡಗಳನ್ನು ಹೇಳಿದ್ದೇನೋ ಗೊತ್ತಿಲ್ಲ. ಇತ್ತೀಚೆಗೆ ಅವುಗಳನ್ನೆಲ್ಲ ಒಂದೂ ಬಿಡದೆ ನಂಬುತ್ತಿದ್ದ ಈ ಇಬ್ಬರು, ನಾನು ಮನಸಾರೆ ಹೇಳಿದ ಇದೊಂದನ್ನು ಮಾತ್ರ ನಂಬದೆ, ನಮ್ಮ ಊರಿನವರ ಹಾಗೆ, ಬಾಗಿಲು ಹಿಡಿದು ನಿಂತಿದ್ದರು. ನನಗೆ ನಗು ಬಂತು. ಟಿಕೆಟ್ಟಿನವನು ಅವರ ಕೈಗಳನ್ನು ಮೆಲ್ಲನೆ ಸರಿಸಿ ಬಾಗಿಲು ಹಾಕಿ ಕೊಂಡಿ ಸಿಕ್ಕಿಸಿದ.

"ನಿಜವಾಗಿಯೂ ಬೇಡ್ವಾ?" ಎಂದು ಇವರು ಮೂರನೆಯ ಸಲ ಕೇಳಿದಾಗ ನಾನು ಅವರ ತಲೆಗಿಂತ ಮೇಲೆ ಬಂದಿದ್ದೆ.